ಪದಪರೀಕ್ಷೆಯ ಶನಿವಾರ

ಅಮೆರಿಕದ ಏಪೆಕ್ಸ್ ಊರಿನ ನಮ್ಮ ಕನ್ನಡ ಮನೆಗಳಲ್ಲಿ ಶನಿವಾರ ಬಂತೆಂದರೆ ಮಕ್ಕಳ ಮುಖ ಬಾಡುತ್ತಿತ್ತು. ಯಾರದಾದರೊಂದು ಮನೆಯಲ್ಲಿ ಬಿಸಿಬೇಳೆಬಾತ್ ಬೇಯುವಾಗ, ಹಾಲ್‌ನಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಪದಪರೀಕ್ಷೆ ನಡೆಸುವ ಪದ್ಧತಿಯೊಂದು ಬೆಳೆದಿತ್ತು. ಇಂಗ್ಲಿಷ್ ಪದಕ್ಕೆ 'ಫುಲ್' ಸೇರಿಸು, 'ಲೆಸ್' ಸೇರಿಸು, ಅರ್ಥ ಹೇಳು. ತಪ್ಪಿದವರು ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಓದಿದವರು, ದೊಡ್ಡ ಹುದ್ದೆಯವರು, ಸೋಫಾದಲ್ಲಿ ಕೂತು ಚಕ್ಕುಲಿ ಕಡಿಯುತ್ತ ನಗುತ್ತಿದ್ದರು. ಇದಕ್ಕೆ ಅವರು ಇಟ್ಟ ಹೆಸರು ಸಂಸ್ಕಾರ!

ಪರೀಕ್ಷಕರು ಪ್ರಭಾಕರ ಅಂಕಲ್, ಎಪ್ಪತ್ತರ ದಶಕದಲ್ಲೇ ಬಂದು ನೆಲೆಸಿದ ವಿಜ್ಞಾನಿ. ಅವರ ಮಾತನ್ನು ವೇದವಾಕ್ಯ ಮಾಡಿಕೊಂಡವನು ಕೃಷ್ಣಪ್ರಸಾದ. ಅವನ ಮಗಳು ಅಮೂಲ್ಯಾ ಮೂರನೇ ಗ್ರೇಡ್. ಊರಿನ ಮಕ್ಕಳ ಪದಸ್ಪರ್ಧೆ ಮುಗಿಯುವವರೆಗೆ ಮನೆಯಲ್ಲಿ ಕನ್ನಡ ಕೂಡದು, ಇಂಗ್ಲಿಷ್ ತಪ್ಪಿದರೆ ವಾಕ್ಯವನ್ನು ಮೊದಲಿಂದ ಹೇಳಬೇಕು ಎಂದು ಅವನ ಅಪ್ಪಣೆ. ಶಾಲೆಯಲ್ಲಿ ಟೀಚರ್ ಇದೇ ಪದಗಳನ್ನು ಕಾರ್ಡ್ ಜೋಡಿಸಿ ಆಟವಾಡಿಸುತ್ತಿದ್ದರು. ಆಟದಿಂದ ಯಾರು ಉದ್ಧಾರವಾದರು ಎಂದು ಈ ಮಹಾಶಯ ಮೂಗು ಮುರಿದ.

ಹುಡುಗಿ ಮಾತು ಕಡಿಮೆ ಮಾಡಿದಳು. 'ಡಿಸಿಪ್ಲಿನ್ ಬಂತು' ಎಂದು ತಂದೆ ಹಿಗ್ಗಿದ. ಒಂದು ಬೆಳಿಗ್ಗೆ ತಾಯಿ ರಚನಾ ಅವಳನ್ನು ಎಬ್ಬಿಸಲು ಹೋದಾಗ ದಿಂಬಿನ ಮೇಲೆ ಕೀವು, ರಕ್ತದ ಕಲೆ. ಮೈ ಕೆಂಡದಂತೆ ಸುಡುತ್ತಿತ್ತು.

ಮಕ್ಕಳ ವೈದ್ಯೆ ಮೈಥಿಲಿ ಪರೀಕ್ಷಿಸಿ, "ಕಿವಿಯ ತಮಟೆ ಒಡೆದಿದೆ. ತುಂಬಾ ನೋವಿದ್ದಿರ್ಬೇಕು. ಯಾಕೆ ಪುಟ್ಟಿ, ಹೇಳ್ಲಿಲ್ಲ?" ಎಂದರು.

ಅಮೂಲ್ಯಾ ಅಮ್ಮನ ಕಡೆ ನೋಡಿ ಪಿಸುಗುಟ್ಟಿದಳು. "ಕನ್ನಡ ನಾಟ್ ಅಲೌಡ್. ಪೇನ್‌ಫುಲ್ಲಾ, ಪೇನ್‌ಲೆಸ್ಸಾ... ನಂಗೆ ಮಿಕ್ಸ್ ಆಗತ್ತೆ. ರಾಂಗ್ ಹೇಳಿದ್ರೆ ಅಪ್ಪ ಬೈತಾರೆ."

ರಚನಾ ಮಗಳನ್ನು ಮಡಿಲಿಗೆ ಎಳೆದುಕೊಂಡಳು.

"ನಿಲ್ಸಿ ಇದನ್ನ," ಎಂದರು ಮೈಥಿಲಿ. "ನೋವಾದ್ರೆ ಅಮ್ಮನಿಗೆ ಹೇಳೋಕೂ ಹೆದರೋ ಮಗುಗೆ ಯಾವ ಭಾಷೆ ಬಂದ್ರೆ ಏನು?"

ಆ ಶನಿವಾರದ ಸರದಿ ಅವರ ಮನೆಯದೇ. "ಇನ್ನೊಂದು ಕಿವಿ ಕೇಳ್ಸತ್ತಲ್ಲ, ಬಂದು ನಿಂತ್ಕೊಳ್ಲಿ" ಎಂದ ಕೃಷ್ಣಪ್ರಸಾದ. ಈ ಮಾತಾಡಲು ಅವನು ಎರಡು ಡಿಗ್ರಿ ಮಾಡಬೇಕಾಯಿತು!

ರಚನಾ ಮಗಳನ್ನು ರೂಮಿನಲ್ಲಿ ಮಲಗಿಸಿ ಹಾಲ್‌ಗೆ ಬಂದಳು. ಮಕ್ಕಳು ಆಗಲೇ ಸಾಲುಗಟ್ಟಿದ್ದರು.

"ನಮ್ಮನೇಲಿ ಇನ್ನು ಇದು ನಡೆಯಲ್ಲ. ಎಲ್ಲರೂ ಊಟ ಮಾಡಿ ಹೊರಡಿ."

"ಏನಮ್ಮಾ ಇದು? ನನ್ನ ಮಕ್ಕಳೂ ಹೀಗೇ ಕಲ್ತಿದ್ದು. ಸ್ವಲ್ಪ ಹೆದರಿಕೆ ಇರ್ಬೇಕು" ಎಂದರು ಪ್ರಭಾಕರ ಅಂಕಲ್.

"ಹೆದರಿಕೆ ಚೆನ್ನಾಗೇ ಕಲಿತಿದಾಳೆ ಅಂಕಲ್. ಕಿವಿ ಒಡೆದ್ರೂ ಬಾಯಿ ಬಿಡ್ಲಿಲ್ಲ."

"ರಚನಾ, ನನ್ನ ಮರ್ಯಾದೆ..." ಕೃಷ್ಣಪ್ರಸಾದ ಹಲ್ಲು ಕಡಿದ.

"ನಿಮ್ಮ ಮರ್ಯಾದೆ ನೀವು ನೋಡ್ಕೊಳ್ಳಿ. ನನ್ನ ಮಗಳು ಇನ್ನು ಯಾರೆದುರೂ ನಿಲ್ಲಲ್ಲ."

ಸೋಫಾದ ಘನವಂತರು ಮುಖಮುಖ ನೋಡಿಕೊಂಡರು. ಒಬ್ಬ ಈ ದೇಶದಲ್ಲಿ ಪೈಪೋಟಿ ಎಷ್ಟಿದೆ ಎಂದು ಭಾಷಣ ಶುರುಮಾಡಿದ. ಮಗು ಈಗ ಹೇಗಿದೆ ಎಂದು ಒಬ್ಬನೂ ಕೇಳಲಿಲ್ಲ.

ಪಕ್ಕದ ಬೀದಿಯ ಶೀತಲ್ ಮಾತ್ರ ಎದ್ದು, ಸಾಲಿನಲ್ಲಿದ್ದ ತನ್ನ ಮಗ ಸುಮುಖ್‌ನ ಮುಂದೆ ಮಂಡಿಯೂರಿದಳು. "ಕಂದಾ, ನಿಂಗೂ ಎಲ್ಲಾದ್ರೂ ನೋಯ್ತಿದ್ಯಾ? ಹೇಗೆ ಬೇಕಾದ್ರೂ ಹೇಳು."

ಹುಡುಗ ಉತ್ತರಿಸುವ ಮೊದಲು ಪ್ರಭಾಕರ ಅಂಕಲ್ ಮುಖ ನೋಡಿದ.

ಶೀತಲ್ ಎದ್ದಳು. ಬಾಗಿಲ ಬಳಿ ಹೋಗಿ ಮಗನ ಶೂ ಹುಡುಕತೊಡಗಿದಳು.