ಕಾಣೆಯಾದ ಹಸಿರು ಸ್ಕಾರ್ಫು

ನನ್ನಂಥ ಮಿಮಿಕ್ರಿ ಮಾಡುವವನ ಬಾಯಿಂದ ನಿಜ ಬಂದರೂ ಇನ್ನೊಬ್ಬರ ದನಿಯಲ್ಲೇ ಬರುತ್ತದೆ. ಈ ಕಥೆಯಲ್ಲೂ ಹಾಗೇ ಬಂತು. ನಡೆದದ್ದು ನಿಜ, ಅನುಮಾನವಿದ್ದರೆ ಅಂದು ಮೈದಾನದಲ್ಲಿದ್ದವರನ್ನು ಕೇಳಿ.

ನನ್ನ ಅತ್ತೆ ನಮ್ಮ ಮೈದಾನದ ಕಾಮೆಂಟರಿ ಕೋಣೆ ಹತ್ತಿದ ಮೊದಲ ಹೆಂಗಸು. ಹತ್ತಿಸಿಕೊಂಡದ್ದು ತಪ್ಪಿಸಿಕೊಂಡ ಮಕ್ಕಳ ಪ್ರಕಟಣೆ ಓದಲಿಕ್ಕೆ. ಮಗುವಿನ ಹೆಸರನ್ನು ಅತ್ತೆ ಮೈಕಿನಲ್ಲಿ ಹೇಳುತ್ತಿರಲಿಲ್ಲ. ಹೆಸರು ಗೊತ್ತಾದರೆ ಯಾರು ಬೇಕಾದರೂ ನೆಂಟರಾಗಿಬಿಡುತ್ತಾರಲ್ಲ. ಬಣ್ಣ ಮಾತ್ರ ಹೇಳುವುದು: ಹಳದಿ ಅಂಗಿ, ನೀಲಿ ಟೋಪಿ. ಕೊನೆಗೆ ಮಗುವಿಗೊಂದು ಮಾತು: ‘ಅಳಬೇಡ ಕಂದಾ.’ ಒಂದು ಸಲ ಹಳದಿ ಅಂಗಿಯ ಪ್ರಕಟಣೆಯ ನಡುವೆಯೇ ಗೋಲಾಯಿತು. ಕಾಮೆಂಟರಿ ಹೇಳಬೇಕಾದ ಮಹಾಶಯ ಚಹಾ ಊದುತ್ತಿದ್ದ. ಅತ್ತೆ ಸ್ವಿಚ್ಚಿನಿಂದ ಬೆರಳು ತೆಗೆಯದೆ ಗೋಲನ್ನೂ ಹೇಳಿಬಿಟ್ಟರು. ಆಮೇಲೆ ಮೈಕು ಆತನ ಕೈಗೆ ವಾಪಸು ಹೋಗಲೇ ಇಲ್ಲ. ರೇಡಿಯೊದವರು ಕರೆಸಿಕೊಂಡ ಮೇಲೂ ಭಾನುವಾರ ಅತ್ತೆ ಇಲ್ಲೇ. ಯಾರಿಗೋ ರಕ್ತ ಬೇಕಾದರೆ, ಯಾರದೋ ಮನೆಗೆ ಬೆಂಕಿ ಬಿದ್ದರೆ, ಊರನ್ನು ಎಬ್ಬಿಸುತ್ತಿದ್ದದ್ದೂ ಅದೇ ದನಿ.

ಆಮೇಲೆ ಗಂಟಲಿನ ಆಪರೇಷನ್ ಆಯಿತು. ದನಿ ಹೋಯಿತು, ಉಸಿರಿಗೆ ಕತ್ತಿನಲ್ಲೊಂದು ತೂತು ಉಳಿಯಿತು, ಅದರ ಮೇಲೆ ಹಸಿರು ಸ್ಕಾರ್ಫು. ಮೈದಾನದ ಗೋಡೆಗೆ ಅಂಟಿಕೊಂಡೇ ಇರುವ ಮನೆ. ಆಟದ ದಿನ ಅತ್ತೆ ಕಿಟಕಿಗಳನ್ನೆಲ್ಲ ಜಡಿದು ಕೂರತೊಡಗಿದರು. ಅರ್ಧ ಊರು ಅವರು ತೀರಿಕೊಂಡರೆಂದೇ ನಂಬಿತ್ತು.

ಆ ಮನೆಗೆ ಹೋಗಲು ನನಗೆ ಅಂಜಿಕೆ. ಬಾಗಿಲು ಕಿರುಗುಟ್ಟಿದರೂ ಅತ್ತೆ ಈಗ ಏನೋ ಹೇಳುತ್ತಾರೆ ಅನ್ನಿಸುತ್ತಿತ್ತು. ಅತ್ತೆಯ ಕಂಠ, ಎರಡು ಗಿಡ್ಡ ಒಂದು ಉದ್ದದ ನಗುವಿನ ಸಮೇತ, ನನಗೆ ಚಿಕ್ಕಂದಿನಿಂದ ಕಂಠಪಾಠ. ಒಮ್ಮೊಮ್ಮೆ ಹಲ್ಲುಜ್ಜುವಾಗ ತಾನಾಗಿ ಬಾಯಿಂದ ಹೊರಡುತ್ತಿತ್ತು. ಕನ್ನಡಿ ನೋಡಲು ಧೈರ್ಯ ಸಾಲುತ್ತಿರಲಿಲ್ಲ.

ಫೈನಲ್ ಪಂದ್ಯದ ವಿರಾಮದಲ್ಲಿ ಕಾಮೆಂಟರಿ ಕೋಣೆಗೆ ಅತ್ತೆಯ ಹೆಸರಿಡುವುದೆಂದು ಕ್ಲಬ್ಬು ಗೊತ್ತುಮಾಡಿತು. ಅತ್ತೆ ಸ್ಲೇಟಿನ ಮೇಲೆ ‘ಬರಲ್ಲ’ ಎಂದು ಬರೆದು ತೋರಿಸಿದರು. ಹಾಗಾದರೆ ಕುರ್ಚಿಯ ಮೇಲೆ ಫೋಟೊ ಇಟ್ಟು ಒಂದು ನಿಮಿಷ ಎದ್ದು ನಿಲ್ಲೋಣ ಎಂದರು ಕಾರ್ಯದರ್ಶಿ.

“ಅಲ್ಲಿಗೆ ಬದುಕಿರುವಾಗಲೇ ನಾವೇ ಅವರನ್ನ ಕಳಿಸಿಕೊಟ್ಟ ಹಾಗಾಯ್ತಲ್ಲ ಸಾರ್,” ಎಂದೆ. ಬೇರೆ ದಾರಿ ಇದ್ದರೆ ಹೇಳು ಎಂದರು.

ಇತ್ತು. ವಿರಾಮದ ಸೀಟಿ ಬಿದ್ದದ್ದೇ, ಮೈದಾನದ ಕಡೆ ಪೂರ್ತಿ ತೆರೆದಿದ್ದ ಆ ಕೋಣೆ ಹತ್ತಿದೆ. ಕುರ್ಚಿಯ ದಿಂಬು ಇನ್ನೂ ಅತ್ತೆ ಕೂತ ಹಾಗೇ ತಗ್ಗಿತ್ತು. ಮೈಕಿನ ಕತ್ತು ಅವರ ಎತ್ತರಕ್ಕೆ ಬಾಗಿತ್ತು. ನಾನೂ ಬಾಗಿ ಅತ್ತೆಯ ದನಿ ಎತ್ತಿದೆ.

“ದಯವಿಟ್ಟು ಗಮನಿಸಿ. ಒಬ್ಬರು ತಪ್ಪಿಸಿಕೊಂಡಿದ್ದಾರೆ. ಬೂದು ಕೋಟು, ಹಸಿರು ಸ್ಕಾರ್ಫು. ಮನೆ ಗೋಡೆ ಆಚೆಗೇ ಇದೆ, ಆದ್ರೂ ದಾರಿ ಗೊತ್ತಾಗ್ತಿಲ್ಲ. ಅಳಬೇಡ ಕಂದಾ, ನಿಮ್ಮೋರೆಲ್ಲ ಇಲ್ಲೇ ಕಾಯ್ತಿದ್ದಾರೆ.”

ಕಡಲೆಕಾಯಿ ಮಾರುವವನು ಪೊಟ್ಟಣ ಕಟ್ಟುವುದನ್ನು ಅರ್ಧಕ್ಕೇ ನಿಲ್ಲಿಸಿದ. ರೆಫರಿ ಎದೆಯ ಮೇಲೆ ಕೈಯಿಟ್ಟುಕೊಂಡ. ನಾನು ಸ್ವಿಚ್ಚು ಬಿಟ್ಟೆ. ದನಿ ಎದುರಿನ ಗ್ಯಾಲರಿಗೆ ಬಡಿದು ತಿರುಗಿ ಬಂತು: ಕಾಯ್ತಿದ್ದಾರೆ... ಹೋಗುವಾಗ ಅದು ನನ್ನ ಮಿಮಿಕ್ರಿಯಾಗಿತ್ತು. ಬರುವಾಗ ಪೂರ್ತಿ ಅವರದು.

ಯಾರೂ ಬರಲಿಲ್ಲ. ಕಾದು ಕಾದು ಕಾರ್ಯದರ್ಶಿ ಫೋಟೊ ತಂದು ಕುರ್ಚಿಯ ಮೇಲಿಟ್ಟರು. ಜನ ಎದ್ದು ನಿಂತರು. ಆದರೆ ಒಬ್ಬರ ಕಣ್ಣೂ ಫೋಟೊದ ಮೇಲಿರಲಿಲ್ಲ. ಎಲ್ಲರೂ ನನ್ನ ಕಡೆ, ನನ್ನ ಹೆಗಲಿನಾಚೆ ನೋಡುತ್ತಿದ್ದರು. ಹಿಂದೆ ಸಣ್ಣದಾಗಿ ಸಿಳ್ಳೆಯಂಥ ಉಸಿರು.

ತಿರುಗಿದೆ. ಬೂದು ಕೋಟು. ಮುಖ ಕೆಂಡ. ಹೊಡೆಯಲಿ ಎಂದು ಕೆನ್ನೆ ಒಡ್ಡಿದೆ. ಅತ್ತೆ ಹೊಡೆಯಲಿಲ್ಲ; ತಮ್ಮ ಕತ್ತಿನ ಕಡೆ ಬೆರಳು ತೋರಿಸಿದರು. ಕೆಂಪು ಸ್ಕಾರ್ಫು! ಪ್ರಕಟಣೆ ಕೇಳಿದ ಮೇಲೆ, ಯಾರೂ ಗುರುತು ಹಿಡಿಯಬಾರದೆಂದು ಬದಲಾಯಿಸಿಕೊಂಡು ಹೊರಟಿದ್ದರು. ಮೈಕಿನಲ್ಲಿ ತಪ್ಪು ಹೇಳಿದರೆ ಆಗಿಂದಾಗಲೇ ತಿದ್ದಬೇಕು, ಅದು ಅವರ ಕಟ್ಟುನಿಟ್ಟು. ಅವರೇ ಸ್ವಿಚ್ಚು ಒತ್ತಿ, ‘ಹೂಂ, ಹೇಳು’ ಎಂಬಂತೆ ಗದ್ದ ಎತ್ತಿದರು.

ನನ್ನ ದನಿಯಲ್ಲೇ ಹೇಳಬೇಕೆಂದಿದ್ದೆ. ಬಾಯಿಗೆ ಬಂದದ್ದು ಅವರದೇ.

“ತಿದ್ದುಪಡಿ. ಹಸಿರಲ್ಲ, ಕೆಂಪು. ಹುಡುಗಿ ಸಿಕ್ಕಿದ್ದಾಳೆ.”

ಅತ್ತೆಯ ಹೆಗಲು ಅದುರಿತು. ಅಳುತ್ತಿದ್ದಾರೆ ಅಂದುಕೊಂಡೆ. ನನ್ನನ್ನು ಪಕ್ಕಕ್ಕೆ ತಳ್ಳಿದರು, ಸ್ಕಾರ್ಫು ಸಡಿಲಿಸಿದರು, ಮೈಕನ್ನು ಕತ್ತಿನ ತೂತಿಗೆ ಹಿಡಿದರು. ಎಲ್ಲ ಧ್ವನಿವರ್ಧಕಗಳಿಂದಲೂ ಬುಸ್, ಬುಸ್, ಬುಸ್ಸೆಂದು ಬರೀ ಗಾಳಿ. ಕೆಳಗೆ ಜನ ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಎರಡು ಗಿಡ್ಡ, ಒಂದು ಉದ್ದ. ಮೊದಲು ಗುರುತು ಹಿಡಿದವನು ನಾನು. ಅದು ಅತ್ತೆಯ ನಗು.

ಗ್ಯಾಲರಿಯಿಂದ ಗ್ಯಾಲರಿಗೆ ನಗು ಹಬ್ಬಿತು. ಸಾವಿರಾರು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೂ ಅತ್ತೆಯನ್ನು ಮೀರಿಸಲಾಗಲಿಲ್ಲ; ಮೈಕು ಇದ್ದದ್ದು ಅವರ ಕೈಯಲ್ಲಿ.