ಡ್ರಮ್ಮಿನಲ್ಲಿ ಹತ್ತು ಗಂಟೆ

ನಾಗಭೂಷಣನೂ ಬೀದಿಯ ಇನ್ನಿಬ್ಬರು ಗಂಡಸರೂ ಹಿತ್ತಲಲ್ಲಿ ನೀಲಿ ಡ್ರಮ್ಮಿನ ಅಂಚಿಗೆ ಬಿಗಿದಿದ್ದ ದೋಣಿ ಎಂಜಿನ್ನನ್ನು ಬಿಚ್ಚುತ್ತಿದ್ದರು. ಒಂದು ತಿರುಪು ಸಡಿಲವಾಗಿತ್ತು. ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಪಟಾಲಮ್ಮ ಒಳಗಿನಿಂದ ಬಂದು ಎಂಜಿನ್ನಿನ ಮೇಲೆ ಕೈಯಿಟ್ಟು ನಿಂತಳು.

ಗಂಡನ ಹೆಣದ ತಲೆದೆಸೆಯಲ್ಲಿ ಕೂತಿರಬೇಕಾದವಳು ಹೀಗೆ ಎದ್ದು ಬಂದದ್ದು ಯಾರಿಗೂ ಸರಿಕಾಣಲಿಲ್ಲ.

“ಅತ್ಗೆ, ನೀವ್ ಒಳಗೋಗಿ. ಅಣ್ಣಂಗೆ ನೀರ್ ಉಯ್ಯೋಕೆ ಡ್ರಮ್ ಬೇಕು. ಹನ್ನೆರಡಕ್ಕೆ ರಾಹುಕಾಲ, ಅಷ್ಟ್ರೊಳಗೆ ಎತ್ತಬೇಕು,” ಎಂದ ನಾಗಭೂಷಣ. ಸತ್ತ ಮುನಿಕೃಷ್ಣಪ್ಪನ ತಮ್ಮ ಅವನು.

“ಈಗೆಷ್ಟು ಗಂಟೆ?”

“ಹತ್ತೂಕಾಲು.”

“ಅಂಗಾರೆ ಟೈಮೈತೆ. ಇದು ಒಂದ್ಗಂಟೆ ಓಡ್ಲಿ, ಆಮೇಲೆ ಬಿಚ್ಕೊಳ್ಳಿ.”

ಬ್ಯಾಟರಾಯನಪುರದಲ್ಲಿ ಅಪ್ಪನ ಹೊಲದ ಮೇಲೆ ನಾಲ್ಕು ಅಪಾರ್ಟ್‌ಮೆಂಟು ಎಬ್ಬಿಸಿದ ನಾಗಭೂಷಣನಿಗೆ ಎದುರುಮಾತು ಕೇಳಿ ಅಭ್ಯಾಸವಿಲ್ಲ. ದುಃಖಕ್ಕೆ ಅತ್ತಿಗೆಯ ತಲೆ ಕೆಟ್ಟಿದೆಯೇನೋ ಎಂದು ಅವಳ ಮುಖ ನೋಡಿದ. ಅವಳು ಗೋಡೆಯ ಕಡೆ ಬೆರಳು ತೋರಿಸಿದಳು. ಅಲ್ಲಿ ಸೀಮೆಸುಣ್ಣದ ಒಂಬತ್ತು ಗೆರೆಗಳಿದ್ದವು.

“ಹತ್ತು ಗಂಟೆ ಓಡಿಸ್ಬೇಕು ಅಂದಿದ್ರು ನಿಮ್ಮಣ್ಣ. ಒಂದು ಬಾಕಿ ಐತೆ.”

*

ಮುನಿಕೃಷ್ಣಪ್ಪ ಇಪ್ಪತ್ತೆರಡು ವರ್ಷ ಕೆರೆಯ ಬೋಟಿಂಗಿನಲ್ಲಿ ಮೆಕ್ಯಾನಿಕ್ ಆಗಿದ್ದ. ಊರವರ ಹೆಂಡಿರು ಮಕ್ಕಳನ್ನೆಲ್ಲ ಕೈಹಿಡಿದು ದೋಣಿಗೆ ಹತ್ತಿಸಿದ ಪುಣ್ಯಾತ್ಮ, ತನ್ನ ಹೆಂಡತಿಯನ್ನು ಮಾತ್ರ ಹತ್ತಿಸಲಿಲ್ಲ. ಅವಳು ಕೇಳಿದಾಗೆಲ್ಲ ಇವತ್ತು ಜನ ಜಾಸ್ತಿ, ನಾಳೆ ನೋಡೋಣ ಅನ್ನುತ್ತಿದ್ದ.

ಒಂದು ದಿನ ಜೋರು ಓಡುವ ದೋಣಿ ಕೆರೆಯ ನಡುವೆ ನಿಂತುಹೋಯಿತು. ದೋಣಿಯಲ್ಲಿ ಒಬ್ಬ ಬಾಣಂತಿ, ಅವಳ ಕೂಸು. ಎಂಜಿನ್ನಿಗೆ ನೀರೆಳೆದು ತಂಪು ಮಾಡುವ ರಬ್ಬರಿನ ಚಕ್ರ ಹರಿದು, ಒಳಗೆಲ್ಲ ಕಾದು, ಪಿಸ್ಟನ್ ಕಚ್ಚಿಕೊಂಡಿತ್ತು. ಮುನಿಕೃಷ್ಣಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಈಜಿ ಹೋಗಿ ದೋಣಿಯನ್ನು ಎಳೆದು ತಂದ. ಮನೆಗೆ ಬಂದವನು ತಟ್ಟೆಯ ಮುಂದೆ ಕೂತು ಊಟ ಮಾಡದೆ ಹೇಳಿದ: “ನಂಬಿಕೆ ಇಲ್ದಿರೋ ಎಂಜಿನ್ ಮೇಲೆ ನಿನ್ ಕೂರ್ಸಲ್ಲ ಕಣೆ. ನಿಂಗೆ ಈಜು ಬರಲ್ಲ.”

ಪಟಾಲಮ್ಮನಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಸಂತೋಷವೂ ಆಯಿತು, ಅದನ್ನು ಅವನಿಗೆ ಹೇಳಲಿಲ್ಲ.

ಎರಡು ವರ್ಷದ ಕೆಳಗೆ ಬೋಟಿಂಗ್ ಮುಚ್ಚಿತು. ಕಚ್ಚಿಕೊಂಡಿದ್ದ ಆ ಎಂಜಿನ್ ಗುಜರಿಗೆ ಹೋಗುವುದಿತ್ತು. ಮುನಿಕೃಷ್ಣಪ್ಪ ಅದನ್ನು ಆಟೋದಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಮನೆಗೆ ತಂದ. ಗೊರಗುಂಟೆಪಾಳ್ಯದ ಲೇತ್ ಅಂಗಡಿಗೆ ಹನ್ನೊಂದು ಸಲ ಅಲೆದ. ಹೊಸ ಪಿಸ್ಟನ್ನು, ಹೊಸ ರಿಂಗು, ಹೊಸ ರಬ್ಬರ್ ಚಕ್ರ ಹಾಕಿದ. ನೀರಿಲ್ಲದೆ ಒಂದು ನಿಮಿಷವೂ ಓಡಿಸಬಾರದ ಜಾತಿ ಅದು. ಡ್ರಮ್ಮಿಗೆ ನೀರು ತುಂಬಿಸಿ, ಎಂಜಿನ್ನಿನ ಕೆಳಗಿನ ಕಾಲು ಮುಳುಗುವಂತೆ ಅಂಚಿಗೆ ತೂಗುಹಾಕಿದ.

“ಮೊದಲ ಹತ್ತು ಗಂಟೆ ಇದು ಹೊಸ ಸೊಸೆ ಇದ್ದಂಗೆ. ಜೋರು ಮಾಡ್ಬಾರ್ದು, ಮೆತ್ತಗೆ ಪಳಗಿಸ್ಬೇಕು,” ಅಂದ.

“ನಿಮ್ಮಮ್ಮ ನಂಗೆ ಹತ್ತು ನಿಮಿಷಾನೂ ಕೊಡ್ಲಿಲ್ಲ,” ಅಂದಳು ಪಟಾಲಮ್ಮ.

ಅವನಿಗೆ ಭುಜದ ನೋವು. ಹಗ್ಗ ಎಳೆದು ಎಂಜಿನ್ ಎಬ್ಬಿಸುವ ಕೆಲಸ ಅವಳ ಪಾಲಿಗೆ ಬಂತು. ಅವನು ಒಳಗೆ ಕಾಫಿ ಕುಡಿಯುತ್ತಾ ಸದ್ದಿಗೆ ಕಿವಿಗೊಟ್ಟು ಒಂದೇ ಪ್ರಶ್ನೆ ಕೇಳುತ್ತಿದ್ದ: “ಉಚ್ಚೆ ಉಯ್ತಾ ಐತಾ?” ಎಂಜಿನ್ನಿನ ಪಕ್ಕದ ಸಣ್ಣ ತೂತಿನಿಂದ ನೀರಿನ ಎಳೆ ಬೀಳುತ್ತಿದ್ದರೆ ಒಳಗೆ ನೀರು ಓಡಾಡುತ್ತಿದೆ, ಜೀವಕ್ಕೆ ಅಪಾಯವಿಲ್ಲ ಎಂದು ಲೆಕ್ಕ. ಮೊದಲ ಸಲ ನಾಚಿಕೆಯಾಗಿತ್ತು. ಆಮೇಲಾಮೇಲೆ ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು, “ಉಯ್ತಾ ಐತೆ.”

ಸೋಮವಾರ ಒಂಬತ್ತನೇ ಗೆರೆ ಬಿತ್ತು. ದೊಡ್ಡಬಳ್ಳಾಪುರದ ಕಡೆ ಪರಿಚಯದವರ ತೋಟದ ಕೆರೆಯಲ್ಲಿ ಭಾನುವಾರಕ್ಕೆ ದೋಣಿ ಹೇಳಿಟ್ಟಿದ್ದ. ಮಂಗಳವಾರ ಸಂಜೆ ಎದೆ ಹಿಡಿದುಕೊಂಡು ಜಗಲಿಯ ಮೇಲೆ ಕೂತವನು ಮತ್ತೆ ಏಳಲಿಲ್ಲ.

*

“ಸಾವಿನ ಮನೇಲಿ ಮೋಟಾರ್ ಓಡ್ಸಿದ್ರೆ ಜನ ಏನಂತಾರೆ ಅತ್ಗೆ?”

“ಮುಂದ್ಗಡೆ ತಮಟೆ ಹೊಡೀತಾವ್ರಲ್ಲ ಸಾರ್,” ಅಂದಳು ಸಬೀರಾ. ಬೋಟಿಂಗಿನಲ್ಲಿ ಟಿಕೆಟ್ ಕೊಡುತ್ತಿದ್ದವಳು, ಮುನಿಕೃಷ್ಣಪ್ಪನನ್ನು ಅಣ್ಣ ಅನ್ನುತ್ತಿದ್ದವಳು. “ಅದಕ್ಕಿಂತ ಇದು ಮೆತ್ಗೇನೇ.”

ಯಾರೋ ನಕ್ಕು, ತಕ್ಷಣ ಬಾಯಿ ಮುಚ್ಚಿಕೊಂಡರು. ನಾಗಭೂಷಣ ವಾಚು ನೋಡಿದ, ಗೋಡೆಯ ಗೆರೆ ನೋಡಿದ. ಸಡಿಲಿಸಿದ್ದ ತಿರುಪನ್ನು ತಾನೇ ಬಿಗಿದ.

ಪಟಾಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಗ್ಗ ಎಳೆದಳು. ಎಂಜಿನ್ ಕೆಮ್ಮಿ ಸುಮ್ಮನಾಯಿತು. ಮತ್ತೆ ಎಳೆದಳು. ಮೂರನೆಯ ಸಲಕ್ಕೆ ಹತ್ತಿಕೊಂಡಿತು. ಮುಂಬಾಗಿಲಲ್ಲಿ ತಮಟೆ ನಿಂತಿತು. ಅವಳು ಬಗ್ಗಿ ತೂತಿನ ಕಡೆ ನೋಡಿದಳು. ಮೊದಲು ಏನೂ ಇಲ್ಲ, ಆಮೇಲೆ ಒಂದು ಹನಿ, ಆಮೇಲೆ ಸಣ್ಣ ಎಳೆ. ಅವಳು ಮನೆಯ ಕಡೆ ತಿರುಗಿ ಕೂಗಿದಳು:

“ಉಯ್ತಾ ಐತೆ.”

ತೆರೆದ ಬಾಗಿಲಿಂದ ಮುನಿಕೃಷ್ಣಪ್ಪನ ಪಾದಗಳು ಕಾಣುತ್ತಿದ್ದವು, ಹೆಬ್ಬೆರಳುಗಳನ್ನು ಸೇರಿಸಿ ಕಟ್ಟಿದ್ದರು. ಪಟಾಲಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು, ನಿನ್ನೆಯಿಂದ ಬಾರದಿದ್ದ ಅಳುವನ್ನೆಲ್ಲ ಅತ್ತಳು.

ಸಬೀರಾ ಪಕ್ಕದಲ್ಲಿ ಕೂತು ಅವಳ ಬೆನ್ನು ಸವರಿದಳು. “ಭಾನುವಾರ ನಾನ್ ಕರ್ಕೊಂಡೋಗ್ತೀನಿ ಅಕ್ಕಾ. ದೋಣಿ ಹೇಳಿಟ್ಟವ್ರಲ್ಲ ಅಣ್ಣ.”

“ನಂಗೆ ದೋಣಿ ಆಸೆ ಅಂದ್ಕೊಂಡ್ಯೇನಮ್ಮಾ? ಅವ್ರು ಓಡಿಸ್ಬೇಕು, ನಾನ್ ಪಕ್ಕದಲ್ಲಿ ಕೂರ್ಬೇಕು. ಇಷ್ಟೇ ಇದ್ದಿದ್ದು.”

ಎಂಜಿನ್ ಒಂದು ಸಲವೂ ತಡವರಿಸಲಿಲ್ಲ. ಹನ್ನೊಂದೂ ಇಪ್ಪತ್ತಕ್ಕೆ ಅವಳೇ ಅದನ್ನು ನಿಲ್ಲಿಸಿ ಹತ್ತನೇ ಗೆರೆ ಎಳೆದಳು. ನಾಗಭೂಷಣ ಎಂಜಿನ್ನನ್ನು ಬಿಚ್ಚಿ ಗೋಣಿಚೀಲದ ಮೇಲೆ ಮಲಗಿಸಿದ.

“ಈ ನೀರ್ ಚೆಲ್ಲಿ ಬೇರೆ ತುಂಬ್ಸಿ. ಬೇಗ ಒಲೆ ಹಚ್ಚಿ, ಬಿಸಿ ಆಗ್ಲಿ,” ಎಂದು ಬೀದಿಯವರಿಗೆ ಹೇಳಿದ.

ಪಟಾಲಮ್ಮ ಡ್ರಮ್ಮಿನೊಳಗೆ ಕೈ ಅದ್ದಿದಳು.

“ಕಾದೈತೆ. ಇದನ್ನೇ ಉಯ್ಯಿ.”

“ಆಯಿಲ್ ತೇಲ್ತೈತೆ ಅತ್ಗೆ.”

“ಅವ್ರ ಮೈಗೆ ಅದೇನ್ ಹೊಸದಾ?”

ನಾಗಭೂಷಣ ತಾನೇ ಬಿಂದಿಗೆ ಅದ್ದಿದ.

ಮುನಿಕೃಷ್ಣಪ್ಪನನ್ನು ಹಿತ್ತಲಿಗೆ ತಂದು ಮಣೆಯ ಮೇಲೆ ಕೂರಿಸಿದರು. ಮೊದಲ ಚೊಂಬು ಪಟಾಲಮ್ಮನದು. ನೀರು ತಲೆಯಿಂದ ಭುಜಕ್ಕೆ, ನೋಯುತ್ತಿದ್ದ ಆ ಭುಜದಿಂದ ತೋಳಿಗೆ ಇಳಿಯಿತು. ಉಗುರುಸಂದಿಯ ಕಪ್ಪು ಹಾಗೇ ಉಳಿದಿತ್ತು. ಅವನ ಬೆರಳ ತುದಿಯಿಂದ ನೀರು ಸಣ್ಣ ಎಳೆಯಾಗಿ ನೆಲಕ್ಕೆ ಬೀಳತೊಡಗಿತು.

ಪಟಾಲಮ್ಮ ಖಾಲಿ ಚೊಂಬು ಹಿಡಿದು, ಅದು ನಿಲ್ಲುವವರೆಗೂ ನೋಡುತ್ತಾ ನಿಂತಳು.