ಒಣಗಲು ಹಾಕಿದ ಜಮಖಾನಗಳು

ವಿರ್ಪಿಗೆ ಕೂರಲಾಗುತ್ತಿರಲಿಲ್ಲ. ಕೂತರೆ ಮೊಣಕಾಲು ತಾನಾಗಿ ಅಲ್ಲಾಡುತ್ತಿತ್ತು. ನಿಂತರೆ ಕೈ ಏನಾದರೂ ಕೆಲಸ ಹುಡುಕುತ್ತಿತ್ತು. ಜೂನ್ ಶುರುವಿನಲ್ಲಿ ಸ್ತನ ತಪಾಸಣೆಗೆ ಕರೆ ಬಂದಿತ್ತು, ಐವತ್ತು ದಾಟಿದ ಎಲ್ಲ ಹೆಂಗಸರಿಗೂ ಬರುವಂಥದ್ದು. ಅದರ ಹಿಂದೆಯೇ ಮತ್ತೆ ಕರೆಸಿ ಸೂಜಿ ಚುಚ್ಚಿ ಪರೀಕ್ಷೆಗೆ ಚೂರು ತೆಗೆದರು. ಅದರ ಹಿಂದೆಯೇ ಸರ್ಜನ್ ಅವಳನ್ನೂ ಗಂಡನನ್ನೂ ಎದುರು ಕೂರಿಸಿಕೊಂಡು ಹೇಳಿದಳು: ಕ್ಯಾನ್ಸರು, ಎಡಗಡೆ, ಇಡೀ ಸ್ತನ ತೆಗೆಯಬೇಕು. ಬೇರೊಬ್ಬ ರೋಗಿ ಬರುವುದಿಲ್ಲವೆಂದಿದ್ದರಿಂದ ಗುರುವಾರವೇ ಜಾಗವಿದೆ, ಆಗುತ್ತದೆಯೇ? ವಿರ್ಪಿ ಹಲ್ಲಿನ ಡಾಕ್ಟರ ಸಮಯ ಒಪ್ಪಿಕೊಂಡ ಹಾಗೆ ‘ಆಗುತ್ತದೆ’ ಎಂದಳು. ನರ್ಸು ಕೈ ಸವರಿ, ‘ಬೇಗ ಸಿಕ್ಕಿದ್ದು ನಿಮ್ಮ ಅದೃಷ್ಟ’ ಎಂದಳು. ಇರಬಹುದು. ಆದರೆ ಮೈಯೇನೋ ರೈಲು ಹತ್ತಿ ಹೋಗಿಬಿಟ್ಟಿತ್ತು, ಮನಸ್ಸು ಮಾತ್ರ ಇನ್ನೂ ನಿಲ್ದಾಣದಲ್ಲಿ ಟಿಕೆಟ್ಟು ಹುಡುಕುತ್ತಿತ್ತು.

ಸೋಮವಾರ ಕಿಟಕಿಗಳನ್ನೆಲ್ಲ ಒರೆಸಿದಳು. ಮಂಗಳವಾರ ಫ್ರಿಜ್ಜಿನ ತಳದಿಂದ ಹಳೆಯ ಲಿಂಗೊನ್ ಹಣ್ಣುಗಳನ್ನು ತೆಗೆದು ಪಾಕ ಮಾಡಿದಳು.

“ಕಾಫಿ ಆರೋಗ್ತಿದೆ, ಒಂದ್ಗಳಿಗೆ ಕೂತ್ಕೊಳ್ಳೇ,” ಎಂದ ಗಂಡ ರಿಸ್ತೊ. “ಸಾನಾಗೆ ಹೇಳಿದ್ಯಾ?”

ಸಾನಾ ಅವರ ಮಗಳು, ಉತ್ತರದ ಔಲುವಿನಲ್ಲಿ ಶಾಲೆಯ ಟೀಚರು.

“ಎಲ್ಲಾ ಮುಗಿದ ಮೇಲೆ ಹೇಳ್ತೀನಿ. ಸುಮ್ನೆ ಯಾಕೆ ಅವಳನ್ನ ಹೆದರಿಸೋದು.”

“ಆಮೇಲೆ ಗೊತ್ತಾದ್ರೆ ಹೆದರಲ್ವಾ?”

ವಿರ್ಪಿ ನೆಲದ ಮೇಲಿನ, ಹಳೆಬಟ್ಟೆಯ ಚಿಂದಿಯಿಂದ ನೇಯ್ದ ಜಮಖಾನವನ್ನು ಸುತ್ತತೊಡಗಿದಳು. ಅದಾದ ಮೇಲೆ ಹಜಾರದ್ದು, ಅಡುಗೆಮನೆಯದ್ದು, ಮಲಗುವ ಕೋಣೆಯದ್ದು. ಬೇಸಿಗೆಗೊಮ್ಮೆ ಒಗೆಯುವಂಥವು, ಹೇಗೂ ಒಗೆಯಬೇಕಿತ್ತು. ಎಲ್ಲವನ್ನೂ ಗಾಡಿಗೆ ಹೇರಿ, ಸೊಂಟ ಹಿಡಿದಿದ್ದ ರಿಸ್ತೊ ಮೇಲೇಳುವಷ್ಟರಲ್ಲಿ, ಸಮುದ್ರದ ಕಡೆ ಎಳೆದುಕೊಂಡು ಹೋದಳು.

ದಡದಲ್ಲಿ ಊರವರೆಲ್ಲ ಜಮಖಾನ ಒಗೆಯುವ ಮರದ ಕಟ್ಟೆಯಲ್ಲಿ ಬಿಸಿಲಿತ್ತು, ಪೈನ್ ಸಾಬೂನಿನ ಘಮವಿತ್ತು. ವಿರ್ಪಿ ಮಂಡಿಯೂರಿ ಬ್ರಷ್ಷಿನಿಂದ ಉಜ್ಜಿದಳು, ಜಮಖಾನದ ಮೇಲೆ ಹಗೆಯೇನೋ ಇದ್ದಂತೆ. ಅವಳಮ್ಮ ನೇಯ್ದದ್ದು ಅದು. ಈ ನೀಲಿ ಪಟ್ಟೆ ಅಪ್ಪನ ಕಾರ್ಖಾನೆಯ ಅಂಗಿ; ಹಳದಿಯದ್ದು ಸಾನಾಳ ಮೊದಲ ಲಂಗ. ನೊರೆ ಬೂದುಬಣ್ಣವಾಗಿ ಹರಿಯಿತು.

“ಬಣ್ಣಾನೂ ತೆಗೀತೀಯೇನಮ್ಮಾ?” ಎಂದಳು ಪಕ್ಕದಲ್ಲಿ ಒಗೆಯುತ್ತಿದ್ದ ಮುದುಕಿ. ತಲೆಗೆ ಹೂವಿನ ವಸ್ತ್ರ, ಕಾಲಿಗೆ ರಬ್ಬರ್ ಬೂಟು. ಹೆಸರು ಹೆಲ್ವಿ ಎಂದು ತಾನೇ ಹೇಳಿಕೊಂಡಳು. “ಬಾ, ಹಿಂಡೋಣ. ಅದು ಒಬ್ಬಳ ಕೈಲಾಗೋ ಕೆಲಸ ಅಲ್ಲ.”

ಹಿಂಡುವ ಯಂತ್ರದ ಉರುಳೆಗಳ ನಡುವೆ ಒಬ್ಬರು ಜಮಖಾನ ತೂರಿಸಬೇಕು, ಇನ್ನೊಬ್ಬರು ಹಿಡಿ ತಿರುಗಿಸಬೇಕು. ಅಲ್ಲಿ ಪರಿಚಯ ಕೇಳುವವರಿಲ್ಲ; ಸರದಿಯಲ್ಲಿ ಮುಂದಿರುವವರು ಕೈಜೋಡಿಸುತ್ತಾರೆ, ಅಷ್ಟೇ. ನೀರು ಧಾರೆಯಾಗಿ ಸುರಿಯಿತು. ಇಬ್ಬರೂ ಸೇರಿ ಕಂಬಿಗಳ ಮೇಲೆ ಹರವಿದರು.

“ನೀಟಾಗಿ ಒಣಗಕ್ಕೆ ಶನಿವಾರ ಆಗುತ್ತೆ,” ಎಂದಳು ಹೆಲ್ವಿ. “ಆವತ್ತೇ ಬಂದು ತಗೊಂಡು ಹೋಗು. ಮಿಡ್‌ಸಮ್ಮರ್ ಹಬ್ಬಕ್ಕೆ ನೆಲ ಬರಿದಾಗಿರಬಾರದು.”

ಆಗ ವಿರ್ಪಿಗೆ ಹೊಳೆಯಿತು. ಆಪರೇಷನ್ ಆದಮೇಲೆ ಒಂದು ಲೀಟರ್ ಹಾಲಿನ ಡಬ್ಬಕ್ಕಿಂತ ಭಾರ ಎತ್ತಕೂಡದು ಎಂದಿದ್ದರು. ಅವಳು ತಲೆಯಾಡಿಸಿಯೂ ಇದ್ದಳು. ಆಡಿಸಿ, ಮನೆಯ ಜಮಖಾನಗಳನ್ನೆಲ್ಲ ತಂದು ಇಲ್ಲಿ ನೆನೆಸಿಟ್ಟಿದ್ದಳು.

“ನನಗೆ ಬರಕ್ಕಾಗಲ್ಲ,” ಎಂದಳು. “ನಾಡಿದ್ದು ನನಗೆ ಆಪರೇಷನ್. ಸ್ತನ ತೆಗೀತಾರೆ. ಕ್ಯಾನ್ಸರು.”

ಆ ಮಾತು ಅವಳ ಬಾಯಿಂದ ಹೊರಬಿದ್ದದ್ದು ಅದೇ ಮೊದಲು. ಕಡಲಕಾಗೆಯೊಂದು ಕಟ್ಟೆಯ ಅಂಚಿನಲ್ಲಿ ಏನೋ ಕುಕ್ಕುತ್ತಿತ್ತು.

ಹೆಲ್ವಿ ಕೈ ಒರೆಸಿಕೊಂಡಳು. “ಯಾವ ಕಡೆದು?”

“ಎಡಗಡೆದು.”

“ಹಂಗಾದ್ರೆ ಮುಂದಿನ ವರ್ಷ ಹಿಡಿ ತಿರುಗಿಸೋದು ನೀನೇ, ಬಲಗೈಲಿ.” ಸ್ವಲ್ಪ ತಡೆದು ಕೇಳಿದಳು, “ಇವನ್ನ ಎತ್ತಕ್ಕೆ ಮನೇಲಿ ಯಾರೂ ಇಲ್ವಾ?”

“ಗಂಡಂಗೆ ಸೊಂಟ ಹಿಡಿದಿದೆ. ಮಗಳು ದೂರ. ಅವಳಿಗೆ ಹೇಳಿಲ್ಲ.”

“ನಾನಂತೂ ಎತ್ತಲ್ಲ, ನಂದೇ ರಾಶಿ ಇದೆ. ಅವಳಿಗೆ ಫೋನ್ ಮಾಡು. ಮೊದಲು ಜಮಖಾನದ ವಿಷ್ಯ ಹೇಳು. ಮಿಕ್ಕಿದ್ದನ್ನ ಅವಳೇ ಕೇಳ್ತಾಳೆ.”

ವಿರ್ಪಿ ಕಟ್ಟೆಯ ಉದ್ದಕ್ಕೂ ಹೋಗಿ ಬಂದಳು, ಮತ್ತೆ ಹೋಗಿ ಬಂದಳು. ಕೊನೆಗೆ ಒದ್ದೆ ಬೆರಳಲ್ಲೇ ಫೋನು ಒತ್ತಿದಳು.

“ಸಾನಾ, ಶನಿವಾರ ಬರಕ್ಕಾಗುತ್ತಾ? ಜಮಖಾನ ಮನೆಗೆ ತರಬೇಕಿತ್ತು.”

ಅಮ್ಮ ಇಷ್ಟು ವರ್ಷದಲ್ಲಿ ಯಾರ ಹತ್ತಿರವೂ ಒಂದು ಚೀಲ ಹಿಡಿಯಲೂ ಕೇಳಿದವಳಲ್ಲ.

“ಅಮ್ಮಾ,” ಎಂದಳು ಸಾನಾ ನಿಧಾನವಾಗಿ, “ಏನಾಗಿದೆ ನಿಂಗೆ?”

ವಿರ್ಪಿ ಹೇಳಿದಳು. ಎರಡನೇ ಸಲ ಹೇಳುವಾಗ ಮಾತು ಹಗುರವೇನೂ ಆಗಿರಲಿಲ್ಲ. ಸಾನಾ ಮೊದಲು ಸಿಟ್ಟಾದಳು, ‘ನನ್ನನ್ನ ಏನಂದ್ಕೊಂಡಿದೀಯ’ ಎಂದಳು. ಆಮೇಲೆ ಮೂಗು ಸೀಟಿಕೊಂಡು ರೈಲಿನ ಸಮಯ ನೋಡುತ್ತೇನೆಂದಳು.

ಶನಿವಾರ ವಿರ್ಪಿ ಮನೆಯಲ್ಲಿದ್ದಳು. ಎದೆಯ ಮೇಲೆ ಬಿಗಿಯಾದ ಪಟ್ಟಿ, ಪಕ್ಕೆಯಿಂದ ಇಳಿದ ನಳಿಕೆ, ಕಂಕುಳಲ್ಲಿ ಆಸ್ಪತ್ರೆಯವರು ಕೊಟ್ಟ ಹೃದಯದ ಆಕಾರದ ದಿಂಬು. ಬರಿ ನೆಲದ ಮೇಲೆ ಅತ್ತಿಂದಿತ್ತ ನಡೆಯುತ್ತಿದ್ದಳು. ಹೆಜ್ಜೆ ಸದ್ದಿಗೆ ಮನೆ ಬೇರೆಯವರದ್ದೆನಿಸುತ್ತಿತ್ತು. ಕಿಮೊ ಕೊಡಬೇಕೋ ಬೇಡವೋ ಇನ್ನೂ ಹೇಳಿರಲಿಲ್ಲ. ಫೋನು ಸದ್ದು ಮಾಡಿದಾಗಲೆಲ್ಲ ಆಸ್ಪತ್ರೆಯದೇನೋ ಎಂದು ನೋಡುತ್ತಿದ್ದಳು.

ಕಟ್ಟೆಯಿಂದ ಜಮಖಾನ ತಂದ ಸಾನಾ ಬೆವರುತ್ತ ಬಾಗಿಲು ತಳ್ಳಿ, ಸುರುಳಿಗಳನ್ನು ಒಂದೊಂದಾಗಿ ಬಿಚ್ಚಿದಳು. ಹಜಾರದ್ದು. ಅಡುಗೆಮನೆಯದ್ದು. ಕೊನೆಯದು ಹರಡಿದಾಗ ವಿರ್ಪಿ ನಿಂತಲ್ಲೇ ನಿಂತಳು. ಕೆಂಪು, ಕಿತ್ತಳೆ, ಎಂದೂ ಕಾಣದ ಪಟ್ಟೆಗಳು.

“ಇದು ನಮ್ಮದಲ್ಲ ಕಣೇ.”

“ಕೊನೆ ಕಂಬಿ ಮೇಲೆ ಇದೇ ಇತ್ತು!”

“ಯಾರದ್ದೋ ನೆಲ ಎತ್ಕೊಂಡು ಬಂದಿದೀಯ.” ವಿರ್ಪಿಗೆ ನಗು ಬಂತು. ದಿಂಬನ್ನು ಎದೆಗೊತ್ತಿಕೊಂಡು ನಕ್ಕಳು, ಹೊಲಿಗೆ ಜಗ್ಗಿತು, ನಗು ನಡುದಾರಿಯಲ್ಲೇ ಒಡೆದು ಇಷ್ಟು ದಿನ ಬಾರದ ಅಳು ಬಂತು. ರಿಸ್ತೊ ಕೋಣೆಯ ಬಾಗಿಲಿಗೆ ಬಂದವನು ಅಲ್ಲೇ ನಿಂತ. ಸಾನಾ ಅಮ್ಮನ ಕೈ ಹಿಡಿದುಕೊಂಡಳು.

“ವಾಪಸ್ ಇಟ್ಟು, ನಮ್ಮದು ಹುಡುಕ್ಕೊಂಡು ಬರ್ಲಾ?”

“ತಡಿ. ನಾನೂ ಬರ್ತೀನಿ, ಹೆಲ್ವಿ ಅಲ್ಲೇ ಇರಬಹುದು. ಎತ್ತೋದು ಮಾತ್ರ ನೀನು.” ವಿರ್ಪಿ ಕುರ್ಚಿ ಎಳೆದು ಕೂತಳು. ಮೊಣಕಾಲು ಇನ್ನೂ ಅಲ್ಲಾಡುತ್ತಿತ್ತು. “ಮೊದಲು ಕಾಫಿ ಕುಡಿಯೋಣ, ಬಿಸಿಯಾಗಿ.”